ಸಿಂಗಾಪುರದಲ್ಲಿ ಬ್ರಾಂಡೆಡ್ ಬ್ಯಾಗು, ವಾಚು: ರಿಫಂಡ್, ಕಸ್ಟಮ್ಸ್, ಆಮೇಲೆ ನಮ್ಮ ಮಳೆಗಾಲ

ಬನವಾಸಿ ರಸ್ತೆ, ಶಿರಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಡಿಕೆಯ ಕೊನೆಕೊಯ್ಲು ಮುಗಿದ ಮೇಲೆ, ಮಾರ್ಚ್ ಎರಡನೇ ವಾರ, ನಾವು ನಾಲ್ವರು ಸಿಂಗಾಪುರಕ್ಕೆ ಹೊರಟಿದ್ದೇವೆ: ನಾನು, ಮನೆಯವರು, ಅತ್ತೆ, 14 ವರ್ಷದ ಮಗ. ಶಿರಸಿಯಿಂದ ರಾತ್ರಿ ಬಸ್ಸಿಗೆ ಬೆಂಗಳೂರು, ಅಲ್ಲಿಂದ ನೇರ ವಿಮಾನ. ಟೂರಿನವರು ಕೊಟ್ಟ ಪಟ್ಟಿಯಲ್ಲಿ ಮೊದಲು ನಾಲ್ಕು ರಾತ್ರಿ ಸಿಂಗಾಪುರ, ಆಮೇಲೆ ಬಸ್ಸಿನಲ್ಲಿ ಕೌಲಾಲಂಪುರ, ಅಲ್ಲಿಂದಲೇ ಬೆಂಗಳೂರಿಗೆ ವಾಪಸು ವಿಮಾನ.

ಕೊಳ್ಳಬೇಕೆಂದು ಗುರುತು ಹಾಕಿಕೊಂಡದ್ದು ಮೂರು. ಒಂದು ಚರ್ಮದ ಕೈಚೀಲ, ಬ್ರಾಂಡಿನವರ ಸಿಂಗಾಪುರದ ವೆಬ್‌ಸೈಟಿನಲ್ಲಿ 3,270 ಸಿಂಗಾಪುರ ಡಾಲರು. ಮನೆಯವರಿಗೊಂದು ಸ್ವಿಸ್ ಆಟೊಮ್ಯಾಟಿಕ್ ವಾಚು, 1,308 ಡಾಲರು. ಎರಡು ಬಾಟಲಿ ಪರ್ಫ್ಯೂಮು, ಸೇರಿ 218. ಅತ್ತೆಯವರಿಗೆ ಒಂದು ಬಂಗಾರದ ಸರವೂ ಅಲ್ಲೇ ತೆಗೆದುಕೊಂಡರಾಯಿತು ಎಂಬ ಮಾತಿದೆ.

ಕೇಳಬೇಕಾದ್ದು ಇಷ್ಟು. ಅಲ್ಲಿ ಕೊಂಡು ಹೊರಗೆ ಒಯ್ಯುವ ವಸ್ತುವಿನ ಜಿಎಸ್‌ಟಿ ತೆರಿಗೆ ಪ್ರವಾಸಿಗಳಿಗೆ ವಾಪಸು ಬರುತ್ತದಂತೆ; ಆ ರಿಫಂಡ್ ನಿಜವಾಗಿ ಕೈಗೆ ಎಷ್ಟು ಬರುತ್ತದೆ, ಎಲ್ಲಿ ತಪ್ಪಿ ಹೋಗುತ್ತದೆ? ನನ್ನ ತಮ್ಮ ಅಲ್ಲಿಯೇ ಕೆಲಸದಲ್ಲಿದ್ದಾನೆ, ಅವನೇ ಮೊದಲೇ ಕೊಂಡಿಟ್ಟರೆ ಆಗುತ್ತದೆಯೇ? ಬೆಂಗಳೂರಿನಲ್ಲಿ ಇಳಿದಾಗ ಸುಂಕ ಎಷ್ಟು? ಕೊನೆಯದು ನಮ್ಮೂರಿನವರೇ ಹೇಳಬೇಕಾದ್ದು: ಇಷ್ಟು ದುಡ್ಡಿನ ಚರ್ಮ ಶಿರಸಿಯ ನಾಲ್ಕು ತಿಂಗಳ ಮಳೆಯಲ್ಲಿ ಬೂಸ್ಟು ಹಿಡಿಯದ ಹಾಗೆ ಇಟ್ಟುಕೊಳ್ಳುವುದು ಹೇಗೆ?

ಕಾಳಿ ದಂಡೆ, ಕಾರವಾರ

ಅಕ್ಕ, ಉಳಿದದ್ದೆಲ್ಲ ಆಮೇಲೆ. ಮೊದಲು ನಿಮ್ಮ ದಾರಿ ಬದಲಾಯಿಸಿ. ಈಗಿನ ಪಟ್ಟಿಯಂತೆ ಹೋದರೆ ನಿಮಗೆ ಒಂದು ಡಾಲರೂ ವಾಪಸು ಬರುವುದಿಲ್ಲ. ಸಿಂಗಾಪುರದ ಪ್ರವಾಸಿ ರಿಫಂಡ್ ಯೋಜನೆ ನಡೆಯುವುದು ಚಾಂಗಿ ಮತ್ತು ಸೆಲೆಟಾರ್ ವಿಮಾನ ನಿಲ್ದಾಣಗಳಲ್ಲಿ ಮಾತ್ರ. ವುಡ್‌ಲ್ಯಾಂಡ್ಸ್ ಅಥವಾ ಟುವಾಸ್ ಗಡಿಯಲ್ಲಿ ಬಸ್ಸಿನಿಂದ ಮಲೇಷ್ಯಾಕ್ಕೆ ದಾಟುವವರಿಗೆ ಅದು ಇಲ್ಲ. ಸಿಂಗಾಪುರ ಮತ್ತು ಮಲೇಷ್ಯಾ ಸೇರಿಸಿದ ಪ್ಯಾಕೇಜುಗಳಲ್ಲಿ ಜನ ಎಡವುವುದು ಇಲ್ಲೇ. ಬಿಲ್ಲು ಸರಿ, ಪಾಸ್‌ಪೋರ್ಟ್ ತೋರಿಸಿದ್ದು ಸರಿ, ಹೊರಬಿದ್ದ ಬಾಗಿಲು ಮಾತ್ರ ತಪ್ಪು. ಟೂರಿನವರಿಗೆ ಹೇಳಿ ಕೌಲಾಲಂಪುರ ಮೊದಲು, ಸಿಂಗಾಪುರ ಕೊನೆಗೆ ಮಾಡಿಸಿಕೊಳ್ಳಿ. ವಾಪಸು ವಿಮಾನ ಚಾಂಗಿಯಿಂದಲೇ ಇರಲಿ. ಟಿಕೆಟ್ ಇನ್ನೂ ಆಗಿಲ್ಲದಿದ್ದರೆ ಇದಕ್ಕೆ ಅಡ್ಡಿಯೇನೂ ಬರಲಿಕ್ಕಿಲ್ಲ.

ಈಗ ಲೆಕ್ಕ. 2024ರ ಜನವರಿ 1ರಿಂದ ಅಲ್ಲಿ ಜಿಎಸ್‌ಟಿ ಶೇ. 9. ಅಂಗಡಿಯಲ್ಲಿ ಕಾಣುವ ಬೆಲೆಯೊಳಗೇ ಅದು ಸೇರಿರುತ್ತದೆ. ಹಾಗಾಗಿ ಬಿಲ್ಲಿನ ಮೊತ್ತಕ್ಕೆ ಶೇ. 9 ಹಾಕಿ ನೋಡಬೇಡಿ, ಮೊತ್ತವನ್ನು 109ರಿಂದ ಭಾಗಿಸಿ 9ರಿಂದ ಗುಣಿಸಿ. ನಿಮ್ಮ 3,270ರ ಬ್ಯಾಗಿನಲ್ಲಿ ತೆರಿಗೆ 270 ಡಾಲರು, 1,308ರ ವಾಚಿನಲ್ಲಿ 108, ಪರ್ಫ್ಯೂಮಿನಲ್ಲಿ 18. ಒಟ್ಟು 396. ಇದರಲ್ಲಿ ರಿಫಂಡ್ ನಡೆಸುವ ಕಂಪನಿಯ ಸೇವಾ ಶುಲ್ಕ ಕಳೆಯುತ್ತದೆ. ಎಷ್ಟು ಕಳೆಯುತ್ತದೆ ಎಂಬುದು ಅಂಗಡಿಯವರು ಯಾವ ಕಂಪನಿಯ ಜೊತೆ ಇದ್ದಾರೆ ಎಂಬುದರ ಮೇಲಿದೆ. ದುಡ್ಡು ಕೊಡುವ ಮೊದಲೇ ‘ಈ ಬಿಲ್ಲಿಗೆ ಕೈಗೆ ಬರುವುದು ಎಷ್ಟು’ ಎಂದು ಕೇಳಿ, ಪರದೆಯಲ್ಲಿ ತೋರಿಸುತ್ತಾರೆ.

ಅಂಗಡಿಯಲ್ಲಿ ಮಾಡಬೇಕಾದ್ದು. ಎಲ್ಲ ಅಂಗಡಿಯೂ ಈ ಯೋಜನೆಯಲ್ಲಿ ಇರುವುದಿಲ್ಲ. ಬಾಗಿಲಲ್ಲೋ ಕೌಂಟರಿನಲ್ಲೋ ‘ಟ್ಯಾಕ್ಸ್ ಫ್ರೀ’ ಗುರುತು ಇದೆಯೇ ನೋಡಿ, ಕೇಳಿಯೇ ಮುಂದುವರಿಯಿರಿ. ಕನಿಷ್ಠ ಖರೀದಿ ಜಿಎಸ್‌ಟಿ ಸೇರಿ 100 ಡಾಲರು. ಒಂದೇ ಅಂಗಡಿಯ, ಒಂದೇ ದಿನದ ಮೂರು ಬಿಲ್ಲುಗಳವರೆಗೆ ಸೇರಿಸಿ ಈ ನೂರು ತುಂಬಿಸಬಹುದು. ಒಂದೇ ಮಾಲಿನೊಳಗಿನ ಬೇರೆ ಬೇರೆ ಅಂಗಡಿಗಳ ಬಿಲ್ಲು ಸೇರಿಸಲಿಕ್ಕೆ ಬರುವುದಿಲ್ಲ. ಮೂಲ ಪಾಸ್‌ಪೋರ್ಟೇ ಬೇಕು. ಮೊಬೈಲಿನಲ್ಲಿರುವ ಫೋಟೋ, ಜೆರಾಕ್ಸು ನಡೆಯುವುದಿಲ್ಲ. ಹೋಟೆಲಿನ ಲಾಕರಿನಲ್ಲಿ ಪಾಸ್‌ಪೋರ್ಟ್ ಇಟ್ಟು ಪೇಟೆಗೆ ಹೋದವರು ಅರ್ಧ ದಿನ ಕಳೆದುಕೊಳ್ಳುತ್ತಾರೆ.

ಅಂಗಡಿಯವರು ಪಾಸ್‌ಪೋರ್ಟ್ ನಂಬರು ಹಾಕಿ ನಿಮ್ಮ ಖರೀದಿಯನ್ನು ರಿಫಂಡ್ ವ್ಯವಸ್ಥೆಗೆ ಸೇರಿಸುತ್ತಾರೆ. ಆ ಚೀಟಿ ಕೈಗೆ ಬಂದ ಕೂಡಲೇ, ಅಂಗಡಿಯ ಬಾಗಿಲು ದಾಟುವ ಮೊದಲು, ಪಾಸ್‌ಪೋರ್ಟ್ ತೆರೆದಿಟ್ಟು ಒಂದೊಂದೇ ಅಕ್ಷರ, ಅಂಕಿ ತಾಳೆ ನೋಡಿ. ನಮ್ಮ ಪಾಸ್‌ಪೋರ್ಟ್ ಅಂದರೆ ಒಂದು ಅಕ್ಷರ, ಅದರ ಮುಂದೆ ಏಳು ಅಂಕಿ. ಒಂದು ಅಂಕಿ ಆಚೀಚೆ ಆದರೂ ಚಾಂಗಿಯ ಯಂತ್ರದಲ್ಲಿ ನಿಮ್ಮ ಖರೀದಿ ಕಾಣುವುದಿಲ್ಲ. ಅದನ್ನು ತಿದ್ದಬೇಕಾದವರು ಅಂಗಡಿಯವರೇ. ವಿಮಾನಕ್ಕೆ ಎರಡು ತಾಸು ಇರುವಾಗ ಆರ್ಚರ್ಡ್ ರಸ್ತೆಗೆ ತಿರುಗಿ ಹೋಗುವುದು ಆಗುವ ಮಾತಲ್ಲ.

ತಮ್ಮನ ವಿಚಾರ: ಅವರು ವರ್ಕ್ ಪಾಸ್ ಮೇಲೆ ಇದ್ದರೆ ಈ ಯೋಜನೆಗೆ ಬರುವುದೇ ಇಲ್ಲ. ಅವರು ಕೊಂಡು ನಿಮ್ಮ ಪಾಸ್‌ಪೋರ್ಟಿಗೆ ಹಚ್ಚಿಸುವುದು ಅಲ್ಲಿ ಅಪರಾಧ. ನೀವೇ ಅಂಗಡಿಗೆ ಹೋಗಿ, ನಿಮ್ಮ ಕಾರ್ಡಿನಲ್ಲಿ, ನಿಮ್ಮ ಪಾಸ್‌ಪೋರ್ಟ್ ಮೇಲೆ ಕೊಳ್ಳಿ. ಮಗನ ಪಾಸ್‌ಪೋರ್ಟ್ ಮೇಲೂ ಬೇಡ, 16 ವರ್ಷ ತುಂಬಿರಬೇಕು.

ಚಾಂಗಿಯಲ್ಲಿ ರಿಫಂಡ್ ಯಂತ್ರಗಳು ಎರಡು ಕಡೆ. ಚೆಕ್-ಇನ್ ಹಾಲಿನಲ್ಲಿ ಕೆಲವು, ಇಮಿಗ್ರೇಷನ್ ದಾಟಿದ ಮೇಲೆ ಟ್ರಾನ್ಸಿಟ್ ಭಾಗದಲ್ಲಿ ಕೆಲವು. ದೊಡ್ಡ ಪೆಟ್ಟಿಗೆಗೆ ಹೋಗುವ ವಸ್ತುವಿದ್ದರೆ ಪೆಟ್ಟಿಗೆ ಕೊಡುವ ಮೊದಲೇ ಚೆಕ್-ಇನ್ ಹಾಲಿನ ಯಂತ್ರಕ್ಕೆ ಹೋಗಬೇಕು. ಕೈಯಲ್ಲೇ ಒಯ್ಯುವುದಾದರೆ ಒಳಗಿನ ಯಂತ್ರ ಸಾಕು. ಬ್ಯಾಗು, ವಾಚು ಎರಡನ್ನೂ ಕೈಯಲ್ಲೇ ಇಟ್ಟುಕೊಳ್ಳಿ. ಯಂತ್ರದ ಮೇಲೆ ಪಾಸ್‌ಪೋರ್ಟ್ ಇಟ್ಟರೆ ನಿಮ್ಮ ಖರೀದಿಗಳ ಪಟ್ಟಿ ಬರುತ್ತದೆ, ಅರ್ಹತೆಯ ಪ್ರಶ್ನೆಗಳಿಗೆ ಉತ್ತರಿಸಬೇಕು, ನಗದೋ ಕಾರ್ಡೋ ಆರಿಸಬೇಕು. ನಗದು ಸಿಗುವುದು ಒಳಗಿನ ಟ್ರಾನ್ಸಿಟ್ ಭಾಗದ ಕೌಂಟರಿನಲ್ಲಿ. ಕೊನೆಯಲ್ಲಿ ಒಂದು ಚೀಟಿ ಬರುತ್ತದೆ. ‘ಅನುಮೋದಿತ’ ಎಂದಿದ್ದರೆ ಕೆಲಸ ಮುಗಿಯಿತು. ‘ಕಸ್ಟಮ್ಸ್ ತಪಾಸಣೆ’ ಎಂದಿದ್ದರೆ ವಸ್ತು, ಮೂಲ ಬಿಲ್ಲು, ಪಾಸ್‌ಪೋರ್ಟ್ ಮೂರನ್ನೂ ಪಕ್ಕದ ಕೌಂಟರಿನಲ್ಲಿ ತೋರಿಸಬೇಕು. ವಸ್ತುವನ್ನು ಪೆಟ್ಟಿಗೆಯಲ್ಲಿ ಹಾಕಿ ಕಳಿಸಿಬಿಟ್ಟಿದ್ದರೆ ಅಲ್ಲಿಗೆ ರಿಫಂಡ್ ಹೋಯಿತು.

ಖರೀದಿಯಾದ ಎರಡು ತಿಂಗಳೊಳಗೆ ಹೊರಡಬೇಕು. ಅನುಮೋದನೆ ಸಿಕ್ಕ 12 ತಾಸಿನೊಳಗೆ ವಿಮಾನ ಹತ್ತಬೇಕು. ಇದಕ್ಕೆಂದೇ ಒಂದು ತಾಸು ಹೆಚ್ಚಿಗೆ ಇಟ್ಟುಕೊಂಡು ನಿಲ್ದಾಣಕ್ಕೆ ಬನ್ನಿ.

ಅಘನಾಶಿನಿ, ಕುಮಟಾ

ಕಾಳಿ ದಂಡೆಯವರು ಬರೆದದ್ದಕ್ಕೆ ಬೆಂಗಳೂರಿನ ಅರ್ಧ ಸೇರಿಸುತ್ತೇನೆ. ರಿಫಂಡಿನ ಖುಷಿಯಲ್ಲಿ ಜನ ಮರೆಯುವುದು ಇದನ್ನೇ.

ಹೊರದೇಶದಿಂದ ಬರುವ ನಮ್ಮವರಿಗೆ ಸುಂಕವಿಲ್ಲದೆ ತರಲು ಇದ್ದ ಮಿತಿ 2016ರ ಬ್ಯಾಗೇಜ್ ನಿಯಮದಲ್ಲಿ 50,000 ರೂ. 2026ರ ಫೆಬ್ರುವರಿಯಲ್ಲಿ ಬಂದ ಹೊಸ ನಿಯಮ ಅದನ್ನು 75,000 ರೂ.ಗೆ ಏರಿಸಿದೆ. ಮಿತಿ ಮೀರಿದ ಭಾಗಕ್ಕೆ ಶೇ. 35 ಸುಂಕ, ಆ ಸುಂಕದ ಮೇಲೆ ಶೇ. 10 ಸರ್‌ಚಾರ್ಜು, ಕೂಡಿದರೆ ಶೇ. 38.5. ಹೊರಡುವ ವಾರ ಕಸ್ಟಮ್ಸ್ ಇಲಾಖೆಯ ಪುಟದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ, ಇವು ಬಜೆಟ್ ಹೊತ್ತಿಗೆ ಬದಲಾಗುವ ಅಂಕಿಗಳು.

ಈ ಮಿತಿ ತಲೆಗೊಂದು. ಒಬ್ಬರದ್ದನ್ನು ಇನ್ನೊಬ್ಬರದ್ದಕ್ಕೆ ಕೂಡಿಸಲು ಬರುವುದಿಲ್ಲ. ಗಂಡ ಹೆಂಡತಿ ಸೇರಿ ಒಂದೂವರೆ ಲಕ್ಷದ ಒಂದು ಬ್ಯಾಗು ಎಂದರೆ ಕಸ್ಟಮ್ಸಿನವರು ಒಪ್ಪುವುದಿಲ್ಲ. ಆದರೆ ಬೇರೆ ಬೇರೆ ವಸ್ತು ಬೇರೆ ಬೇರೆಯವರದಾದರೆ ಪ್ರತಿಯೊಬ್ಬರ ಮಿತಿಯೂ ಉಪಯೋಗಕ್ಕೆ ಬರುತ್ತದೆ. ಹಾಗಾಗಿ ಬ್ಯಾಗಿನ ಬಿಲ್ಲು ನಿಮ್ಮ ಪಾಸ್‌ಪೋರ್ಟಿಗೆ, ವಾಚು ನಿಮ್ಮ ಮನೆಯವರ ಪಾಸ್‌ಪೋರ್ಟಿಗೆ, ಪರ್ಫ್ಯೂಮು ಅತ್ತೆಯವರು ತೆಗೆದುಕೊಳ್ಳುವುದಾದರೆ ಅವರ ಪಾಸ್‌ಪೋರ್ಟಿಗೆ ಆಗಲಿ. ಚಾಂಗಿಯಲ್ಲಿ ರಿಫಂಡ್ ಕೇಳುವವರು, ಬೆಂಗಳೂರಿನಲ್ಲಿ ಘೋಷಿಸುವವರು ಒಬ್ಬರೇ ಆಗುತ್ತಾರೆ.

ಡಾಲರಿಗೆ 70 ರೂ. ಎಂದು ಹಿಡಿದು ಲೆಕ್ಕ ಮಾಡೋಣ. ಕಸ್ಟಮ್ಸಿನವರು ಹಿಡಿಯುವುದು ಅವರ ಇಲಾಖೆ ಪ್ರಕಟಿಸಿದ ದರವನ್ನು. ವಾಚು 1,308 ಅಂದರೆ 91,560 ರೂ. ಮಿತಿಗಿಂತ 16,560 ಹೆಚ್ಚು. ಸುಂಕ 6,376 ರೂ. ಇದು ಹೊರೆ ಅಲ್ಲ.

ಬ್ಯಾಗಿನ ಕಥೆ ಬೇರೆ. 3,270 ಅಂದರೆ 2,28,900 ರೂ. ಮಿತಿ ಕಳೆದರೆ 1,53,900. ಅದಕ್ಕೆ ಸುಂಕ 59,252 ರೂ. ಇನ್ನು ಕಾರ್ಡು. ಬಹಳಷ್ಟು ಕ್ರೆಡಿಟ್ ಕಾರ್ಡುಗಳು ಹೊರದೇಶದ ಖರ್ಚಿಗೆ ಶೇ. 3.5 ಮಾರ್ಕ್‌ಅಪ್, ಅಂದರೆ ಹೆಚ್ಚುವರಿ ಶುಲ್ಕ ಹಾಕುತ್ತವೆ, ಅದರ ಮೇಲೆ ಶೇ. 18 ಜಿಎಸ್‌ಟಿ, ಕೂಡಿ ಶೇ. 4.13. ಅದು 9,454 ರೂ. ರಿಫಂಡ್ ಪೂರ್ತಿ ಬಂದಿತೆಂದೇ ಹಿಡಿದು 18,900 ಕಳೆಯಿರಿ. ಶಿರಸಿಗೆ ಬಂದು ಮುಟ್ಟುವಾಗ ಬ್ಯಾಗಿನ ಬೆಲೆ ಸುಮಾರು 2,78,700 ರೂ. ಅಂಗಡಿಯಲ್ಲಿ ನೋಡಿದ ಬೆಲೆಗಿಂತ ಐವತ್ತು ಸಾವಿರ ಹತ್ತಿರ ಹೆಚ್ಚು.

ಅಂದಮೇಲೆ ಮಾಡಬೇಕಾದ ಕೆಲಸ ಒಂದೇ. ಅದೇ ಮಾದರಿ, ಅದೇ ಅಳತೆ, ಅದೇ ಬಣ್ಣದ ಬ್ಯಾಗು ಬೆಂಗಳೂರಿನ ಅಂಗಡಿಯಲ್ಲಿ ಎಷ್ಟೆಂದು ಹೊರಡುವ ಮೊದಲೇ ಫೋನು ಮಾಡಿ ಕೇಳಿ. ಎರಡು ಲಕ್ಷದ ಎಪ್ಪತ್ತೊಂಬತ್ತು ಸಾವಿರಕ್ಕಿಂತ ಕಡಿಮೆ ಇದ್ದರೆ ಅಲ್ಲಿಯೇ ತೆಗೆದುಕೊಳ್ಳಿ. ಹಿಡಿಕೆ ಬಿಟ್ಟರೂ ಜಿಪ್ ಕಿತ್ತರೂ ಕೊಂಡ ಕಡೆಗೇ ಒಯ್ಯಬಹುದು. ಸಿಂಗಾಪುರದಲ್ಲಿ ನಿಜವಾದ ಲಾಭ ಇರುವುದು 75,000ದ ಆಸುಪಾಸಿನ ವಸ್ತುಗಳಲ್ಲಿ, ಅಂದರೆ 1,000 ಡಾಲರಿನ ಆಚೀಚೆ. ಪರ್ಸು, ಬೆಲ್ಟು, ಚಿಕ್ಕ ಕೈಚೀಲ, ಮಧ್ಯಮ ದರದ ವಾಚು ಇವೆಲ್ಲ ಆ ಸಾಲಿನವು. ಸ್ವಿಸ್ ವಾಚಿಗೂ ಇಲ್ಲಿಯ ಬೆಲೆ ಕೇಳಿಕೊಳ್ಳುವುದು ಒಳ್ಳೆಯದು. 2025ರ ಅಕ್ಟೋಬರಿನಲ್ಲಿ ಜಾರಿಗೆ ಬಂದ, ಸ್ವಿಟ್ಜರ್ಲೆಂಡ್ ಸೇರಿದ ದೇಶಗಳ ಜೊತೆಗಿನ ವ್ಯಾಪಾರ ಒಪ್ಪಂದದಿಂದ ಸ್ವಿಸ್ ವಾಚುಗಳ ಆಮದು ಸುಂಕ ಹಂತ ಹಂತವಾಗಿ ಇಳಿಯುತ್ತಿದೆ.

ಮಿತಿ ಮೀರಿದವರು ಕೆಂಪು ಚಾನೆಲಿಗೇ, ಅಂದರೆ ಸುಂಕದ ವಸ್ತು ಘೋಷಿಸುವವರ ಸಾಲಿಗೇ ಹೋಗಿ. ಕಸ್ಟಮ್ಸಿನ ‘ಅತಿಥಿ’ ಆ್ಯಪಿನಲ್ಲಿ ಮೊದಲೇ ಘೋಷಣೆ ತುಂಬಿಡಬಹುದು. ಡಬ್ಬಿ ಎಸೆದು, ವಾಚು ಕೈಗೆ ಕಟ್ಟಿಕೊಂಡು ‘ಹಳೆಯದು’ ಎಂದು ಹಸಿರು ಚಾನೆಲಿನಲ್ಲಿ ನಡೆಯುವ ಸಲಹೆ ಕೊಡುವವರು ಇದ್ದಾರೆ. ಅದು ಬೇಡ. ಘೋಷಿಸದೆ ಸಿಕ್ಕಿಬಿದ್ದರೆ ವಸ್ತು ಜಪ್ತಾಗುತ್ತದೆ, ಬಿಡಿಸಿಕೊಳ್ಳಲು ಸುಂಕದ ಜೊತೆ ದಂಡ ಬೇರೆ. ಡಬ್ಬಿ, ವಾರಂಟಿ ಕಾರ್ಡು ಕಳೆದುಕೊಂಡ ವಾಚಿಗೆ ಮುಂದೆ ಮಾರುವ ಬೆಲೆಯೂ ಇರುವುದಿಲ್ಲ. ಸುಂಕ ಕಟ್ಟಿದ ರಸೀದಿಯನ್ನು ಬಿಲ್ಲಿನ ಜೊತೆ ಜೋಪಾನ ಮಾಡಿ.

ಬನವಾಸಿ ರಸ್ತೆ, ಶಿರಸಿ

ರಾಶಿ ಉಪಕಾರ ಆಯಿತು. ಟೂರಿನವರು ದಾರಿ ತಿರುಗಿಸಿಕೊಡಲು ಒಪ್ಪಿದ್ದಾರೆ, ಈಗ ಕೌಲಾಲಂಪುರ ಮೊದಲು. ಬ್ಯಾಗಿನ ಬೆಲೆ ಬೆಂಗಳೂರಿನಲ್ಲಿ ಕೇಳುತ್ತೇವೆ. ಅಲ್ಲಿ ದುಬಾರಿಯಾದರೆ ಸಿಂಗಾಪುರದಲ್ಲೇ 1,000 ಡಾಲರಿನೊಳಗಿನ ಚಿಕ್ಕದೊಂದನ್ನು ನೋಡುತ್ತೇವೆ. ಇನ್ನು ಎರಡು ಪ್ರಶ್ನೆ. ಯಾವ ಪೇಟೆಗೆ ಹೋಗಬೇಕು, ಅಂಗಡಿಯಲ್ಲಿ ವಸ್ತು ಪರೀಕ್ಷಿಸುವುದು ಹೇಗೆ? ಅತ್ತೆಯವರ ಸರದ ವಿಚಾರ ಎಂತ ಮಾಡಬೇಕು?

ತೆಂಗಿನಗುಂಡಿ, ಭಟ್ಕಳ

ಸರದ ಮಾತು ಮೊದಲು ಮುಗಿಸುತ್ತೇನೆ. ಒಡವೆಗೆ ಇರುವ ವಿಶೇಷ ರಿಯಾಯಿತಿ, ಅಂದರೆ ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ, ಒಂದು ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿದ್ದು ಮರಳುವವರಿಗೆ ಮಾತ್ರ. ಗಲ್ಫಿನಿಂದ ಬರುವವರ ಬಾಯಲ್ಲಿ ಕೇಳಿದ ಅಂಕಿಯನ್ನು ವಾರದ ಪ್ರವಾಸಕ್ಕೆ ಹಚ್ಚಬೇಡಿ. ನಾಣ್ಯ, ಬಿಸ್ಕತ್ತಿನ ರೂಪದ ಬಂಗಾರ ಸಾಮಾನ್ಯ ಮಿತಿಗೂ ಸೇರುವುದಿಲ್ಲ. ಸಿಂಗಾಪುರದ ಸೆರಂಗೂನ್ ರಸ್ತೆಯ ಅಂಗಡಿಗಳಲ್ಲಿ 916, ಅಂದರೆ 22 ಕ್ಯಾರಟಿನ ಸರ ಸಿಗುತ್ತದೆ, ಆದರೆ ಅದರ ಮೇಲೆ ನಮ್ಮ ಹಾಲ್‌ಮಾರ್ಕಿನ ಎಚ್‌ಯುಐಡಿ ಗುರುತು, ಅಂದರೆ ಅಕ್ಷರ, ಅಂಕಿ ಸೇರಿ ಆರರ ಸಂಕೇತ, ಇರುವುದಿಲ್ಲ. ನಾಳೆ ಬದಲಾಯಿಸಲು ಹೋದರೆ ಊರಿನ ಸರಾಫರು ಶುದ್ಧತೆ ಪರೀಕ್ಷಿಸಿ ತಮ್ಮ ಲೆಕ್ಕದಲ್ಲೇ ಬೆಲೆ ಕಟ್ಟುತ್ತಾರೆ. ಮಜೂರಿ, ಸುಂಕ ಎಲ್ಲ ಸೇರಿಸಿದರೆ ಶಿರಸಿಯಲ್ಲೇ ಮಾಡಿಸುವುದು ಸರಿ.

ಅದಕ್ಕಿಂತ ದೊಡ್ಡ ವಿಷಯ, ಅತ್ತೆಯವರು ಮೈಮೇಲೆ ಹಾಕಿಕೊಂಡು ಹೋಗುವ ಬಂಗಾರ. ಬಳೆ, ಸರ ಎಲ್ಲ ಹಾಕಿಕೊಂಡೇ ಹೊರಡುವುದಾದರೆ, ಹೋಗುವಾಗಲೇ ಬೆಂಗಳೂರು ನಿಲ್ದಾಣದ ಕಸ್ಟಮ್ಸಿನವರಿಂದ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಿ. ಪ್ರತಿ ಒಡವೆಯ ಫೋಟೋ, ಸರಾಫರ ತೂಕದ ಚೀಟಿ ಜೊತೆಗಿರಲಿ. ಅದಿಲ್ಲದೆ ಬರುವಾಗ ‘ಇದು ನಮ್ಮದೇ ಹಳೆಯದು’ ಎಂದು ಸಾಬೀತು ಮಾಡುವುದು ಕಷ್ಟ. ಎಲ್ಲಕ್ಕಿಂತ ಸುಲಭ, ಕರಿಮಣಿ ಮತ್ತು ಎರಡು ಬಳೆ ಬಿಟ್ಟು ಉಳಿದದ್ದನ್ನು ಬ್ಯಾಂಕಿನ ಲಾಕರಿನಲ್ಲಿ ಇಟ್ಟು ಹೋಗುವುದು.

ಪೇಟೆ. ಆರ್ಚರ್ಡ್ ಎಂಆರ್‌ಟಿ (ಅಲ್ಲಿಯ ಮೆಟ್ರೊ ರೈಲು) ನಿಲ್ದಾಣದಲ್ಲಿ ಇಳಿದರೆ ಐಯಾನ್ ಆರ್ಚರ್ಡ್ ಮಾಲಿಗೆ ನೆಲದಡಿಯಿಂದಲೇ ದಾರಿ. ಅಲ್ಲಿಂದ ನಡೆಯುವ ದೂರದಲ್ಲೇ ಟ್ಯಾಂಗ್ಸ್, ಪ್ಯಾರಗಾನ್, ಮತ್ತು ತಕಾಶಿಮಾಯ ಇರುವ ನ್ಗೀ ಆನ್ ಸಿಟಿ. ದೊಡ್ಡ ಬ್ರಾಂಡುಗಳು ಬಹುತೇಕ ಈ ಒಂದು ಕಿಲೋಮೀಟರಿನಲ್ಲೇ ಇವೆ. ಇನ್ನೊಂದು ಗುಂಪು ಮರೀನಾ ಬೇ ಸ್ಯಾಂಡ್ಸಿನ ಅಂಗಡಿಸಾಲು, ಬೇಫ್ರಂಟ್ ನಿಲ್ದಾಣದಲ್ಲಿ ಇಳಿಯಬೇಕು. ನೋಡಲಿಕ್ಕೆ ಅದೇ ಚೆಂದ. ಆದರೆ ಒಂದೇ ಬ್ರಾಂಡಿನ ಬೆಲೆ ಎರಡೂ ಕಡೆ ಒಂದೇ, ಅಲ್ಲಿ ಕಡಿಮೆ ಇಲ್ಲಿ ಹೆಚ್ಚು ಎಂದು ಓಡಾಡಬೇಡಿ. ಶನಿವಾರ, ಭಾನುವಾರ ಬಾಗಿಲಲ್ಲಿ ಸರದಿ ಇರುತ್ತದೆ. ವಾರದ ದಿನ ಬೆಳಿಗ್ಗೆ ಅಂಗಡಿ ತೆಗೆದ ಹೊತ್ತಿಗೆ ಹೋದರೆ ಸಮಾಧಾನದಲ್ಲಿ ನೋಡಬಹುದು. ಕೆಲವು ಬ್ರಾಂಡುಗಳಲ್ಲಿ ವೆಬ್‌ಸೈಟಿನಿಂದಲೇ ಸಮಯ ಗೊತ್ತು ಮಾಡಿಕೊಳ್ಳಲು ಬರುತ್ತದೆ.

ಬ್ಯಾಗು ನೋಡುವಾಗ ಪ್ರದರ್ಶನಕ್ಕೆ ಇಟ್ಟದ್ದನ್ನು ಕಟ್ಟಿಸಿಕೊಳ್ಳದೆ ಒಳಗಿನ ದಾಸ್ತಾನಿನಿಂದ ಹೊಸದು ತರಿಸಿ. ಅಂಗಡಿಯ ಹಳದಿ ದೀಪದಡಿ ಕಾಣದ ಗೀರು ಮೊಬೈಲಿನ ಬಿಳಿ ಬೆಳಕಿನಲ್ಲಿ ಕಾಣುತ್ತದೆ. ನಾಲ್ಕು ಮೂಲೆ, ಹಿಡಿಕೆ ಸೇರುವ ಜಾಗದ ಹೊಲಿಗೆ, ಅಂಚಿಗೆ ಬಳಿದ ಬಣ್ಣ ಇವು ಮೂರು ಮೊದಲು ಹೋಗುವ ಜಾಗಗಳು. ಜಿಪ್ಪನ್ನು ಕೊನೆಯವರೆಗೆ ಐದಾರು ಸಲ ಎಳೆಯಿರಿ. ಮನಸ್ಸು ಬದಲಾಯಿತು ಎಂದು ದುಡ್ಡು ವಾಪಸು ಕೊಡಲೇಬೇಕೆಂಬ ಕಾನೂನು ಸಿಂಗಾಪುರದಲ್ಲಿ ಇಲ್ಲ. ಬದಲಾಯಿಸಿಕೊಡುವುದು ಅಂಗಡಿಯ ನಿಯಮಕ್ಕೆ ಬಿಟ್ಟದ್ದು, ಬಿಲ್ಲಿನ ಹಿಂಭಾಗ ಓದಿಯೇ ಕಾರ್ಡು ಕೊಡಿ.

ವಾಚಿಗೆ ಬ್ರಾಂಡಿನ ಅಧಿಕೃತ ಮಾರಾಟಗಾರರೇ ಬೇಕು. ಅವರ ಪಟ್ಟಿ ಬ್ರಾಂಡಿನ ವೆಬ್‌ಸೈಟಿನಲ್ಲಿರುತ್ತದೆ. ವಾರಂಟಿ ಕಾರ್ಡಿನ ಮೇಲೆ ಅಂಗಡಿಯ ಹೆಸರು, ಆ ದಿನದ ತಾರೀಕು, ಸೀರಿಯಲ್ ನಂಬರು ಇರಬೇಕು, ಆ ನಂಬರು ವಾಚಿನ ಹಿಂಬದಿಯದಕ್ಕೆ ಹೊಂದಬೇಕು. ಸ್ಟೀಲ್ ಪಟ್ಟಿಯನ್ನು ಕೈಯಳತೆಗೆ ಕಡಿಮೆ ಮಾಡಿಸಿದಾಗ ತೆಗೆದ ಕೊಂಡಿಗಳನ್ನು ಎಣಿಸಿ ಕೇಳಿ ತೆಗೆದುಕೊಳ್ಳಿ, ಇಲ್ಲಿ ಬಿಡಿ ಕೊಂಡಿ ಸಿಗುವುದು ಕಷ್ಟ. ನಮ್ಮ ಕಡೆಗೆ ಚರ್ಮದ ಪಟ್ಟಿ ಬೇಡ. ಬೆವರು ಕುಡಿದು ಎರಡೇ ಬೇಸಿಗೆಗೆ ನಾರುತ್ತದೆ. ಸ್ಟೀಲ್ ಅಥವಾ ರಬ್ಬರು, ನೀರು ತಡೆಯುವ ಗುಣ 100 ಮೀಟರಿನದು ನೋಡಿ. 30 ಮೀಟರ್ ಎಂದು ಬರೆದದ್ದು ಕೈತೊಳೆಯುವ ಹನಿಗೆ ಸಾಕು, ಹೊಳೆಗೆ ಇಳಿಯಲಿಕ್ಕಲ್ಲ.

ಪರ್ಫ್ಯೂಮನ್ನು ಪೇಟೆಯಲ್ಲಿ ಕೊಳ್ಳುವುದೇ ಬೇಡ. 100 ಮಿಲಿಗಿಂತ ದೊಡ್ಡ ಬಾಟಲಿ ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲ, ಹಾಗಾಗಿ ಚೆಕ್-ಇನ್ ಹಾಲಿನ ಯಂತ್ರದ ಮುಂದೆ ಇನ್ನೊಂದು ಸರದಿ. ಇಮಿಗ್ರೇಷನ್ ದಾಟಿದ ಮೇಲಿನ ಚಾಂಗಿಯ ಅಂಗಡಿಗಳಲ್ಲಿ ಜಿಎಸ್‌ಟಿ ಇಲ್ಲದ ಬೆಲೆಗೇ ಸಿಗುತ್ತದೆ, ಮೊಹರು ಮಾಡಿದ ಚೀಲದಲ್ಲಿ ಕಟ್ಟಿಕೊಡುತ್ತಾರೆ. ನಿಮ್ಮದು ನೇರ ವಿಮಾನ, ತೊಂದರೆ ಇಲ್ಲ.

ಕಾರ್ಡಿನ ಯಂತ್ರ ‘ರೂಪಾಯಿಯೋ ಡಾಲರೋ’ ಎಂದು ಕೇಳಿದರೆ ಡಾಲರು ಒತ್ತಿ. ರೂಪಾಯಿ ಒತ್ತಿದರೆ ಅವರ ದರಕ್ಕೆ ಪರಿವರ್ತನೆಯಾಗುತ್ತದೆ, ಅದು ಯಾವಾಗಲೂ ದುಬಾರಿ. ಹೊರಡುವ ಮೊದಲು ಬ್ಯಾಂಕಿನ ಆ್ಯಪಿನಲ್ಲಿ ಅಂತರರಾಷ್ಟ್ರೀಯ ವಹಿವಾಟು ತೆರೆದು, ಮಿತಿ ಏರಿಸಿಡಿ. ಊರಿನ ಸೊಸೈಟಿಯ ಡೆಬಿಟ್ ಕಾರ್ಡನ್ನು ನಂಬಿ ಹೋಗಬೇಡಿ.

ತೋಟದ ದಾರಿ, ಸಿದ್ದಾಪುರ

ಬೂಸ್ಟಿನ ಪ್ರಶ್ನೆಗೆ ಯಾರೂ ಕೈ ಹಾಕಲಿಲ್ಲ. ಅಕ್ಕ, ಇದು ಕೊಂಡ ಮೇಲೆ ಯೋಚಿಸುವ ವಿಷಯ ಅಲ್ಲ, ಯಾವ ಬ್ಯಾಗು ಎಂದು ಆರಿಸುವಾಗಲೇ ನೋಡಬೇಕಾದ್ದು.

ಗಾಳಿಯ ತೇವ ಶೇ. 65–70 ದಾಟಿ ಕೆಲವು ದಿನ ನಿಂತರೆ ಚರ್ಮದ ಮೇಲೆ ಬೂಸ್ಟು ಏಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳೊಳಗೆ ಅದಕ್ಕಿಂತ ಕಡಿಮೆ ಇರುವ ದಿನವೇ ಅಪರೂಪ. ಸಿಂಗಾಪುರದ ಹವೆಯೂ ವರ್ಷವಿಡೀ ತೇವದ್ದೇ. ಹಾಗಾಗಿ ಅಲ್ಲಿಯ ಅಂಗಡಿಯವರಿಗೆ ಈ ಪ್ರಶ್ನೆ ಹೊಸತಲ್ಲ. ‘ಯಾವ ಚರ್ಮ ತೇವಕ್ಕೆ ತಡೆಯುತ್ತದೆ’ ಎಂದು ನೇರ ಕೇಳಿ.

ಆರಿಸುವಾಗ: ಮೇಲೆ ಲೇಪವಿಲ್ಲದ, ತಿಳಿ ಕಂದು ಬಣ್ಣದ ಹಸಿ ಚರ್ಮ ಬೇಡ. ಒಂದು ಹನಿ ಮಳೆ ಬಿದ್ದರೂ ಕಲೆ ಉಳಿಯುತ್ತದೆ, ಕೈಬೆವರಿಗೆ ಕಪ್ಪಾಗುತ್ತದೆ. ಲೂಯಿ ವಿಟಾನಿನ ಮಾನೊಗ್ರಾಮ್ ಬ್ಯಾಗುಗಳ ಮೈ ಚರ್ಮವಲ್ಲ, ಲೇಪ ಹಾಕಿದ ಕ್ಯಾನ್ವಾಸು. ಅದು ಮಳೆ ತಡೆಯುತ್ತದೆ. ಆದರೆ ಹಲವು ಮಾದರಿಗಳಲ್ಲಿ ಹಿಡಿಕೆ ಇದೇ ಹಸಿ ಚರ್ಮದ್ದು. ಸ್ವೀಡ್ ಕೂಡ ಬೇಡ. ಉಬ್ಬುತಗ್ಗಿನ ಮೈಯ, ಮೇಲೆ ಬಣ್ಣದ ಪದರವಿರುವ ಚರ್ಮ ನಮ್ಮ ಊರಿಗೆ ಹೊಂದುತ್ತದೆ. ಒಳಪದರ ಬಟ್ಟೆಯದೋ ಚರ್ಮದ್ದೋ ಇರಲಿ. ಪಾಲಿಯುರೆಥೇನಿನ ಒಳಪದರ ತೇವದಲ್ಲಿ ಕೊಳೆತು ಕೆಲವು ವರ್ಷಕ್ಕೆ ಅಂಟಂಟಾಗಿ ಕೈಗೆ ಮೆತ್ತುತ್ತದೆ, ಅದಕ್ಕೆ ರಿಪೇರಿ ಇಲ್ಲ. ಕಾರವಾರ, ಕುಮಟಾ ಕಡೆಯವರು ಬಕ್ಕಲನ್ನೂ ನೋಡಬೇಕು. ತೆಳು ಚಿನ್ನದ ಲೇಪದ ಬಕ್ಕಲಿಗೆ ಉಪ್ಪುಗಾಳಿ ತಾಗಿದರೆ ಚುಕ್ಕೆ ಚುಕ್ಕೆಯಾಗಿ ಕಿಲುಬು ಏಳುತ್ತದೆ.

ಇಡುವ ಕ್ರಮ ಹೀಗೆ. ಮೇ ಕೊನೆಯ ಒಣ ದಿನಗಳಲ್ಲೇ ಬ್ಯಾಗನ್ನು ಖಾಲಿ ಮಾಡಿ, ನೆರಳಿನಲ್ಲಿ ಎರಡು ದಿನ ತೆರೆದಿಡಿ. ಬಿಸಿಲಿಗೆ ಬೇಡ. ಒಳಗೆ ಬಿಳಿ ಬಟ್ಟೆಯ ಉಂಡೆ ತುಂಬಿ ಆಕಾರ ನಿಲ್ಲಿಸಿ. ಅಚ್ಚಾದ ಪೇಪರು ತುಂಬಿದರೆ ಶಾಯಿ ಹತ್ತುತ್ತದೆ. ಬ್ರಾಂಡಿನವರು ಕೊಟ್ಟ ಬಟ್ಟೆಚೀಲಕ್ಕೆ ಹಾಕಿ, ಮುಚ್ಚಳದ ಅಂಚಿಗೆ ರಬ್ಬರಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ಇಡಿ. ಅದರೊಳಗೆ 50 ಗ್ರಾಮಿನ ನಾಲ್ಕು ಸಿಲಿಕಾ ಜೆಲ್ ಚೀಲ, ಒಂದು ಚಿಕ್ಕ ತೇವಮಾಪಕ. ಮುಳ್ಳು ಶೇ. 45ರಿಂದ 55ರ ನಡುವೆ ಇರಬೇಕು. 40ಕ್ಕಿಂತ ಕೆಳಗಿಳಿದರೆ ಚರ್ಮ ಬಿರಿಯುತ್ತದೆ, ಎರಡು ಚೀಲ ಹೊರತೆಗೆಯಿರಿ. ಸಿಲಿಕಾ ಇಲ್ಲದೆ ಬರೀ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿಟ್ಟರೆ ಒಳಗಿನ ತೇವ ಒಳಗೇ ಉಳಿದು ಹೊರಗಿಟ್ಟದ್ದಕ್ಕಿಂತ ಬೇಗ ಹಾಳಾಗುತ್ತದೆ.

ಬಣ್ಣ ಬದಲಾಯಿಸುವ ಸಿಲಿಕಾವನ್ನೇ ತನ್ನಿ. ನೀಲಿಯದು ತುಂಬಿದಾಗ ಗುಲಾಬಿಯಾಗುತ್ತದೆ. ಆಗ ಕಾಳುಗಳನ್ನು ಬಟ್ಟೆಯಿಂದ ಸುರಿದು, ಹಳೆಯ ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಬಿಸಿ ಮಾಡಿದರೆ ತೇವ ಬಿಟ್ಟು ನೀಲಿಗೆ ತಿರುಗುತ್ತದೆ. ಓವನ್ ಇದ್ದವರಿಗೆ 120 ಡಿಗ್ರಿಯಲ್ಲಿ ಎರಡು ತಾಸು. ಉರಿ ಹೆಚ್ಚಾದರೆ ಕಾಳು ಕಪ್ಪಾಗಿ ಕೆಲಸಕ್ಕೆ ಬಾರದಾಗುತ್ತದೆ. ನೀಲಿ ಬಣ್ಣ ಕೋಬಾಲ್ಟಿನದು, ಆ ಬಾಣಲೆಯನ್ನು ಮತ್ತೆ ಅಡುಗೆಗೆ ತರಬೇಡಿ. ಆರಿದ ಕೂಡಲೇ ಚೀಲಕ್ಕೆ ತುಂಬಿ ಡಬ್ಬಕ್ಕೆ ಹಾಕಿ, ಹೊರಗೆ ಬಿಟ್ಟರೆ ನಮ್ಮ ಗಾಳಿಗೆ ಅರ್ಧ ದಿನದಲ್ಲೇ ನೀರು ಕುಡಿಯತೊಡಗುತ್ತದೆ.

ನೀರು ಹೀರಿ ಕೆಳಗೆ ಶೇಖರಿಸುವ ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬಿ ಕಪಾಟಿಗೆ ಅಡ್ಡಿಲ್ಲ, ಬ್ಯಾಗಿನ ಪಕ್ಕ ಬೇಡ. ಅದು ಮಗುಚಿದರೆ ಉಪ್ಪುನೀರು ಚರ್ಮವನ್ನೇ ಸುಟ್ಟಂತೆ ಮಾಡುತ್ತದೆ. ವಿದ್ಯುತ್ತಿನ ಒಣ ಕಪಾಟು ಒಳ್ಳೆಯದೇ, ಆದರೆ ಮಳೆಗಾಲದಲ್ಲಿ ಕರೆಂಟು ಎರಡು ದಿನ ಹೋಗುವ ಊರಿನಲ್ಲಿ ಅದೊಂದನ್ನೇ ನಂಬಲು ಬರುವುದಿಲ್ಲ.

ಬೂಸ್ಟು ಬಂದೇಬಿಟ್ಟರೆ ಮನೆಯೊಳಗೆ ಝಾಡಿಸಬೇಡಿ, ಅದರ ಪುಡಿ ಉಳಿದ ಚರ್ಮಕ್ಕೆಲ್ಲ ಹಾರುತ್ತದೆ. ಜಗುಲಿಯ ಹೊರಗೆ ಮೆತ್ತಗಿನ ಒಣ ಬ್ರಷ್ಷಿನಿಂದ ಒರೆಸಿ, ಹಿಂಡಿದ ಬಟ್ಟೆಯಿಂದ ಒಮ್ಮೆ ಸವರಿ, ನೆರಳಿನಲ್ಲಿ ಒಣಗಿಸಿ. ತೆಂಗಿನೆಣ್ಣೆ ಹಚ್ಚುವ ರೂಢಿ ನಮ್ಮಲ್ಲಿ ಇದೆ, ದಯವಿಟ್ಟು ಬೇಡ. ಚರ್ಮ ಕಪ್ಪಾಗುತ್ತದೆ, ಎಣ್ಣೆಯೇ ಬೂಸ್ಟಿಗೆ ಆಹಾರ. ನುಸಿಗುಳಿಗೆಯೂ ಬೇಡ, ಆ ವಾಸನೆ ಚರ್ಮದಿಂದ ಹೋಗುವುದೇ ಇಲ್ಲ.

ಕಾಳಿ ದಂಡೆ, ಕಾರವಾರ

ಸಿದ್ದಾಪುರದವರ ಮಾತಿಗೆ ಒಂದು ಸೇರಿಕೆ. ತೇವಕ್ಕೆ ತಡೆಯುತ್ತದೆ ಎಂದು ಯಾರಾದರೂ ಮೊಸಳೆ, ಹೆಬ್ಬಾವು, ಉಡದ ಚರ್ಮದ ಪರ್ಸು ತೋರಿಸಿದರೆ ಮುಟ್ಟಬೇಡಿ. ಅವು ಸೈಟಿಸ್, ಅಂದರೆ ಕಾಡುಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳು, ಪರವಾನಗಿ ಪತ್ರ ಇಲ್ಲದೆ ತಂದರೆ ಬೆಂಗಳೂರಿನಲ್ಲಿ ಜಪ್ತಾಗುತ್ತದೆ. ಸಿಂಗಾಪುರದಲ್ಲಿ ಆ ಪತ್ರ ಕೊಡುವುದು ನ್ಯಾಷನಲ್ ಪಾರ್ಕ್ಸ್ ಬೋರ್ಡ್. ನಾಲ್ಕು ದಿನಕ್ಕೆ ಹೋದ ಪ್ರವಾಸಿಗೆ ಅದನ್ನು ಮಾಡಿಸಿಕೊಳ್ಳುವ ಪುರಸೊತ್ತು ಇರುವುದಿಲ್ಲ.

ಇನ್ನೊಂದು, ಬ್ಯಾಗನ್ನು ಕೊಂಡ ದಿನವೇ ಹೆಗಲಿಗೆ ಹಾಕಿಕೊಂಡು ಸಿಂಗಾಪುರ ಸುತ್ತಬೇಡಿ. ತಪಾಸಣೆ ಕೌಂಟರಿನಲ್ಲಿ ಬಿಲ್ಲಿನ ಜೊತೆ ಹೊಸ ವಸ್ತುವಾಗಿಯೇ ಕಾಣಲಿ. ವಾರಂಟಿ ಕಾರ್ಡು, ಬಿಲ್ಲು, ಬಟ್ಟೆಚೀಲ ಎಲ್ಲ ಒಂದೇ ಕಾಗದದ ಚೀಲದಲ್ಲಿ, ಕೈಚೀಲದ ಮೇಲ್ಭಾಗದಲ್ಲಿ.

ಬನವಾಸಿ ರಸ್ತೆ, ಶಿರಸಿ

ಬೆಂಗಳೂರಿನ ಅಂಗಡಿಗೆ ಫೋನು ಮಾಡಿಯಾಯಿತು. ಅದೇ ಬ್ಯಾಗು, ಅದೇ ಬಣ್ಣ 2,64,000 ರೂ. ಅಂತೂ ಬ್ಯಾಗು ಬೆಂಗಳೂರಿನದೇ. ಸಿಂಗಾಪುರದಲ್ಲಿ ವಾಚು ಒಂದೇ, ಮನೆಯವರ ಪಾಸ್‌ಪೋರ್ಟ್ ಮೇಲೆ, ಸ್ಟೀಲ್ ಪಟ್ಟಿಯದು. ಪರ್ಫ್ಯೂಮು ಚಾಂಗಿಯ ಒಳಗೆ. ಅತ್ತೆಯವರ ಬಂಗಾರ ನಾಡಿದ್ದು ಲಾಕರಿಗೆ. ಸಿಲಿಕಾ ಜೆಲ್ ಶಿರಸಿ ಪೇಟೆಯಲ್ಲಿ ಬಣ್ಣದ್ದು ಸಿಗುತ್ತದೆಯೇ ಅಥವಾ ಹುಬ್ಬಳ್ಳಿಯಿಂದ ತರಿಸಬೇಕೇ, ಗೊತ್ತಿದ್ದವರು ಹೇಳಿ.

ತೋಟದ ದಾರಿ, ಸಿದ್ದಾಪುರ

ಬಣ್ಣದ್ದು ಕಾಲೇಜಿನ ಪ್ರಯೋಗಾಲಯಗಳಿಗೆ ಸಾಮಾನು ಕೊಡುವ ಅಂಗಡಿಗಳಲ್ಲಿ ಕೇಳಿ, ಇಲ್ಲವಾದರೆ ಆನ್‌ಲೈನಿನಲ್ಲಿ ತರಿಸಿ. ಕಿತ್ತಳೆ ಬಣ್ಣದ್ದು ಸಿಕ್ಕರೆ ಅದೇ ಮೇಲು, ಅದರಲ್ಲಿ ಕೋಬಾಲ್ಟ್ ಇಲ್ಲ. ಒಂದು ಕಿಲೋ ತೆಗೆದುಕೊಂಡು ಹತ್ತಿ ಬಟ್ಟೆಯಲ್ಲಿ 50 ಗ್ರಾಮಿನ ಚೀಲ ನೀವೇ ಹೊಲಿದುಕೊಳ್ಳಿ. ಉಳಿದದ್ದು ಮನೆಯವರ ಕ್ಯಾಮೆರಾಕ್ಕೂ ಪಟ್ಟೆಸೀರೆಯ ಪೆಟ್ಟಿಗೆಗೂ ಆಗುತ್ತದೆ.